ಗೋಡೌನಿನ ಅಕ್ಕಿ: ಒಂದು ವಾರ್ಡು, ಎರಡು ದಾಳಿ

ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ಮದುವೆ ಕಾಗದ, ಬಿಲ್ ಬುಕ್ಕು, ಸಂಘದ ರಸೀದಿ, ಹೋಂಸ್ಟೇ ಬೋರ್ಡು, ಹೀಗೆ ವರ್ಷವಿಡೀ ಕೆಲಸ. ಚುನಾವಣೆ ಬಂದರೆ ಕರಪತ್ರ. ಯಾವ ಪಕ್ಷದವರು ಬಂದರೂ ಮುದ್ರಿಸುತ್ತೇನೆ. ಮೆಷಿನ್‌ಗೆ ಪಕ್ಷ ಇಲ್ಲ, ಸಾಲದ ಕಂತು ಇದೆ.

ಒಂದೇ ಒಂದು ಸಲ ಮುದ್ರಿಸುವುದಷ್ಟೇ ಅಲ್ಲದೆ ಪ್ರಚಾರದ ಒಳಗೂ ಕೂತೆ. ಅದರ ಕಥೆ ಇದು. ಎದುರಾಳಿಯನ್ನು ಬೈದು ಓಟು ತೆಗೆಯಬಹುದಾ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಹತ್ತು ದಿನಗಳು. ಊರಿನ ಹೆಸರು ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಓಟಿನ ಲೆಕ್ಕವನ್ನೂ ಒಂದೆರಡು ಅಂಕಿ ಆಚೀಚೆ ಮಾಡಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದು ಮಾತ್ರ ನಡೆದ ಹಾಗೇ ಇದೆ.

ವಾರ್ಡು, ಜನ

2020ರ ಡಿಸೆಂಬರ್, ಗ್ರಾಮ ಪಂಚಾಯತಿ ಚುನಾವಣೆ. ಅದೇ ವರ್ಷ ಬೇಸಿಗೆಯಲ್ಲಿ ಆಗಬೇಕಿದ್ದದ್ದು ಕೊರೊನಾದಿಂದ ಮುಂದೆ ಹೋಗಿತ್ತು. ರಾಜ್ಯದಲ್ಲಿ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ, 30ಕ್ಕೆ ಎಣಿಕೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದಿತ್ತು. ಅರೇಬಿಕಾ ಕಾಫಿಯ ಕುಯ್ಲು ಜೋರಾಗಿತ್ತು, ರೊಬಸ್ಟಾ ಆಗಷ್ಟೇ ಹಣ್ಣಾಗತೊಡಗಿತ್ತು. ಕೊಡಗಿನಲ್ಲಿ ಆ ಹೊತ್ತಿಗೆ ಪ್ರಚಾರ ಅಂದರೆ ಸಂಜೆಯ ಕೆಲಸ. ಹಗಲು ಮನೆಗೆ ಹೋದರೆ ನಾಯಿ ಬಿಟ್ಟು ಯಾರೂ ಸಿಗುವುದಿಲ್ಲ.

ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಯಾರ ಹಿಂದೆ ಯಾವ ಪಕ್ಷ ಇದೆ ಅಂತ ಎಲ್ಲರಿಗೂ ಗೊತ್ತು, ಆದರೆ ಬ್ಯಾಲೆಟ್ಟಿನಲ್ಲಿ ಆಟೋರಿಕ್ಷಾ, ಹೊಲಿಗೆ ಯಂತ್ರ ಇಂಥವೇ ಇರುತ್ತವೆ. ಹಾಗಾಗಿ ಓಟು ಬೀಳುವುದು ಮನುಷ್ಯನಿಗೆ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಒಂದು ವಾರ್ಡಿಗೆ ಒಂದಕ್ಕಿಂತ ಜಾಸ್ತಿ ಸ್ಥಾನ ಇರಬಹುದು, ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಓಟು. ನಮ್ಮ ವಾರ್ಡಿನಲ್ಲಿ ಎರಡು ಸ್ಥಾನ, ಒಂದು ಸಾಮಾನ್ಯ, ಒಂದು ಮಹಿಳೆಗೆ ಮೀಸಲು. ಆದ್ದರಿಂದ ಎಲ್ಲರೂ ಜೋಡಿ ಕಟ್ಟಿಕೊಂಡೇ ಬರುತ್ತಾರೆ. ‘ಎರಡೂ ನಮಗೇ ಹಾಕಿ’ ಅನ್ನುವುದು ಮಾಮೂಲಿ ಮಾತು. ಈ ಜೋಡಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಸ್ಥಾನಕ್ಕೆ ಮೂವರು ನಿಂತರು. ಎರಡು ಸಲ ಗೆದ್ದು ಸದಸ್ಯರಾಗಿದ್ದ ಒಬ್ಬ ಬೆಳೆಗಾರರು. ಅವರನ್ನು ‘ಹಳಬರು’ ಅನ್ನೋಣ. ಸೈನ್ಯದಿಂದ ನಿವೃತ್ತರಾದ ಒಬ್ಬರು, ‘ಸುಬೇದಾರ್ರು’. ಕೊಡಗಿನಲ್ಲಿ ಊರಿಗೆ ನಾಲ್ಕು ಜನ ಸುಬೇದಾರರು ಇರುತ್ತಾರೆ, ಹಾಗಾಗಿ ಇದರಿಂದ ಯಾರ ಗುರುತೂ ಸಿಗುವುದಿಲ್ಲ. ಮೂರನೆಯವನು ನಮ್ಮ ಹುಡುಗ. ಬೆಂಗಳೂರಿನಲ್ಲಿ ಸೇಲ್ಸ್ ಕೆಲಸದಲ್ಲಿದ್ದವನು, ಲಾಕ್‌ಡೌನ್‌ನಲ್ಲಿ ಊರಿಗೆ ಬಂದು ಇಲ್ಲೇ ಉಳಿದ. ಮೂವತ್ತೊಂದು ವರ್ಷ, ಒಳ್ಳೆಯ ಮಾತುಗಾರ. ನನ್ನ ಗೆಳೆಯನ ತಮ್ಮ, ಅದಕ್ಕೇ ನಾನು ಒಳಗೆ ಕೂತದ್ದು. ಅವನ ಜೋಡಿಯಾಗಿ ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಹೆಂಗಸು. ಊರಿಗೆಲ್ಲ ‘ಅಕ್ಕ’. ಸತ್ಯ ಹೇಳಬೇಕೆಂದರೆ ನಮ್ಮ ಕಡೆ ಗಟ್ಟಿ ಓಟು ಇದ್ದದ್ದು ಅಕ್ಕನ ಹೆಸರಿಗೇ.

ರಸ್ತೆಯ ಕರಪತ್ರ

ಹಳಬರನ್ನು ಅಲುಗಾಡಿಸುವುದು ಹೇಗೆ ಅನ್ನುವುದೇ ನಮ್ಮ ಸಮಸ್ಯೆ. ಹತ್ತು ವರ್ಷ ಅಧಿಕಾರದಲ್ಲಿದ್ದವರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವರ ಜೀಪು ಬರುತ್ತದೆ. ಹುಡುಗನ ಹತ್ತಿರ ತೋರಿಸಲು ಏನೂ ಇಲ್ಲ, ಆಸೆ ಮಾತ್ರ.

ಆದರೆ ಒಂದು ರಸ್ತೆ ಇತ್ತು. ಮೇಲಿನ ಬಸ್ ಸ್ಟಾಪಿನಿಂದ ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಇಳಿಯುವ ಕಾಂಕ್ರೀಟ್ ರಸ್ತೆ. ಹಾಕಿದ ಮೊದಲ ಮಳೆಗೇ ಪದರ ಎದ್ದಿತ್ತು. ಎರಡನೇ ಮಳೆಗೆ ನಡುವೆ ಬಾಯಿ ಬಿಟ್ಟಿತ್ತು. ಪಕ್ಕದಲ್ಲೇ ಕಾಮಗಾರಿಯ ನಾಮಫಲಕ, ಅದರಲ್ಲಿ ಮೊತ್ತ ಸಮೇತ ಎಲ್ಲ ಬರೆದಿತ್ತು. ಹುಡುಗ ಆ ಗುಂಡಿಗೆ ಕೈ ಇಳಿಸಿ ಕೂತ. ಮೊಣಕೈವರೆಗೂ ಹೋಯಿತು. ಫೋಟೋ ತೆಗೆದೆ. ಒಂದು ಬದಿಯಲ್ಲಿ ಕೈ, ಇನ್ನೊಂದು ಬದಿಯಲ್ಲಿ ಫಲಕ. ಕೆಳಗೆ ಒಂದೇ ಸಾಲು: ‘ಈ ಹಣ ನಿಮ್ಮದು. ಈ ಗುಂಡಿಯೂ ನಿಮ್ಮದೇ.’ ಹಳಬರ ಹೆಸರು ಹಾಕಲಿಲ್ಲ. ಬೇಕಾಗಿರಲಿಲ್ಲ.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಅಂಗಡಿಯ ಹೆಸರು, ಎಷ್ಟು ಪ್ರತಿ ಅನ್ನುವುದು. ಲೋಕಸಭೆ, ವಿಧಾನಸಭೆ ಚುನಾವಣೆಗೆ 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಇದೆ. ಮುದ್ರಕರ ಹೆಸರು, ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಕರಪತ್ರ ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಂಚಾಯತಿ ಚುನಾವಣೆ ಆ ಕಾಯ್ದೆಯ ಕೆಳಗೆ ಬರುವುದಿಲ್ಲ, ಅದಕ್ಕೆ ಬೇರೆ ಕಾನೂನು. ಆದರೂ ನನಗೆ ಅದು ಅಭ್ಯಾಸವಾಗಿ ಹೋಗಿದೆ, ಕೈ ತಾನಾಗೇ ಟೈಪ್ ಮಾಡುತ್ತದೆ.

ಕರಪತ್ರ ಕೆಲಸ ಮಾಡಿತು. ನಾವು ಎಣಿಸಿದ್ದಕ್ಕಿಂತ ಜಾಸ್ತಿಯೇ ಮಾಡಿತು. ಹಳಬರ ಕಡೆಯ ಹುಡುಗರು ‘ಮಳೆ ವಿಪರೀತ ಆಯ್ತಲ್ಲ, ರಸ್ತೆ ಏನ್ ಮಾಡುತ್ತೆ’ ಅಂದರು. 2018, 2019, ಎರಡೂ ವರ್ಷದ ಮಳೆ ಕೊಡಗಿನಲ್ಲಿ ಯಾರೂ ಮರೆಯುವಂಥದ್ದಲ್ಲ, ಆ ಮಾತು ನಿಲ್ಲಬೇಕಿತ್ತು. ಆದರೆ ಅಂಗಡಿ ಮುಂದೆ ಕೂತಿದ್ದ ಒಬ್ಬ ಅಜ್ಜ, ‘ಮಳೆ ನಮ್ಮ ಮನೆ ಮೆಟ್ಲಿಗೂ ಬಿದ್ದಿದೆ. ಮೆಟ್ಲು ಹಾಗೇ ಇದೆ’ ಅಂದ. ಆ ಮಾತು ಎರಡು ದಿನದಲ್ಲಿ ವಾರ್ಡು ಪೂರ್ತಿ ಸುತ್ತಿತು. ಜಾಹೀರಾತು ಕಂಪನಿಗೆ ಲಕ್ಷ ಕೊಟ್ಟರೂ ಅಂಥ ಸಾಲು ಬರೆಸಲು ಆಗುವುದಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು.

ಹಳಬರ ಉತ್ತರ

ಮೂರು ದಿನ ಹಳಬರು ಏನೂ ಮಾತಾಡಲಿಲ್ಲ. ನಾಲ್ಕನೇ ದಿನ ಮನೆ ಮನೆಗೆ ಹೊರಟರು. ಜೊತೆಗೆ ಹುಡುಗರಿಲ್ಲ, ಜೀಪಿಲ್ಲ, ನಡೆದೇ ಹೋದರು. ಹೇಳಿದ್ದು ಇಷ್ಟೇ: ‘ಆ ಕಂಟ್ರಾಕ್ಟರ್ ಕೆಲಸ ಕೆಡಿಸಿದ್ದು ನಿಜ. ನಾನು ನಿಂತು ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ತಪ್ಪು.’

ರಾಜಕೀಯದಲ್ಲಿ ಇದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಅರ್ಧ ತಪ್ಪು ಒಪ್ಪಿಕೊಂಡರೆ ಉಳಿದರ್ಧದ ಬಗ್ಗೆ ಯಾರೂ ಕೇಳುವುದಿಲ್ಲ. ಕಂಟ್ರಾಕ್ಟರ್ ಅವರಿಗೆ ಏನಾಗಬೇಕು, ಬಿಲ್ಲಿಗೆ ಸಹಿ ಹಾಕಿದ್ದು ಯಾರು, ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮನೆ ಬಾಗಿಲಲ್ಲಿ ನಿಂತು ‘ನನ್ನ ತಪ್ಪು’ ಅನ್ನುವ ಅರವತ್ತು ದಾಟಿದ ಮನುಷ್ಯನಿಗೆ ಕಾಫಿ ಕೊಡದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ.

ನಮ್ಮ ಗುಂಪಿಗೆ ದಿಗಿಲಾಯಿತು. ಮತದಾನಕ್ಕೆ ಉಳಿದದ್ದು ಐದು ದಿನ. ರಸ್ತೆಯ ಕೋಪದಿಂದ ಅವರನ್ನು ಬಿಟ್ಟ ಓಟು ನಮ್ಮ ಕಡೆ ಬಂದಿದೆಯಾ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಅವರ ಕಡೆಯಿಂದ ಜಾರಿದ್ದು ವಾಪಸ್ ಹೋಗುತ್ತಿದೆ ಅನ್ನುವುದಷ್ಟೇ ತಲೆಯಲ್ಲಿ. ಈಗ ಯೋಚಿಸಿದರೆ ಎಡವಿದ್ದು ಅಲ್ಲೇ ಅನ್ನಿಸುತ್ತದೆ. ಎದುರಿನವನಿಂದ ಹೋದದ್ದೆಲ್ಲ ನಮಗೆ ಬರುತ್ತದೆ ಅಂತ ನಂಬಿದ್ದೆವು. ಸ್ಪರ್ಧೆಯಲ್ಲಿ ಇಬ್ಬರೇ ಇದ್ದರೆ ಆ ಲೆಕ್ಕ ಸರಿ ಇರಬಹುದು. ಮೂರನೆಯವರು ಇದ್ದರು, ನಾವು ಅವರನ್ನು ಮರೆತೇ ಬಿಟ್ಟಿದ್ದೆವು.

ಮರೆಯಲು ಕಾರಣವೂ ಇತ್ತು. ಸುಬೇದಾರ್ರು ಸದ್ದೇ ಮಾಡುತ್ತಿರಲಿಲ್ಲ. ಅವರ ಪ್ರಚಾರ ಅಂದರೆ ಅಂಗೈಯಗಲದ ಒಂದು ಕಾರ್ಡು. ಮುಂದೆ ಹೆಸರು, ಚಿಹ್ನೆ. ಹಿಂದೆ ಬಸ್ ಟೈಮಿಂಗ್, ಲೈನ್‌ಮನ್ ನಂಬರು, ಆಸ್ಪತ್ರೆ ನಂಬರು, ಆನೆ ಬಂದರೆ ಫೋನ್ ಮಾಡಬೇಕಾದ ಅರಣ್ಯ ಇಲಾಖೆಯ ನಂಬರು. ಅದನ್ನು ಮುದ್ರಿಸಿದ್ದೂ ನಾನೇ. ಮುದ್ರಿಸುವಾಗ ಒಳಗೊಳಗೇ ನಕ್ಕಿದ್ದೆ, ಇದೇನು ಪ್ರಚಾರವೋ ಟೆಲಿಫೋನ್ ಡೈರಿಯೋ ಅಂತ.

ಆ ರಾತ್ರಿ

ಅಂಗಡಿಯ ಶಟರ್ ಅರ್ಧ ಎಳೆದು ಆರು ಜನ ಕೂತಿದ್ದೆವು. ಒಬ್ಬ ತನ್ನ ಮೊಬೈಲಿನಿಂದ ಒಂದು ಹಳೇ ಫೋಟೋ ತೆಗೆದ.

2019ರ ಆಗಸ್ಟಿನದ್ದು. ಆ ವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ದಂಡೆಯ ಮನೆಗಳೆಲ್ಲ ಹೋದವು. ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಕುಸಿಯಿತು. ನಮ್ಮ ವಾರ್ಡಿನ ತಗ್ಗಿನ ಲೈನ್ ಮನೆಗಳಿಗೂ ನೀರು ನುಗ್ಗಿತ್ತು. ಹಿಂದಿನ ವರ್ಷದ ಅನಾಹುತವೇ ಜನರ ಮನಸ್ಸಿನಲ್ಲಿ ಇನ್ನೂ ಹಸಿ ಇತ್ತು, ಹಾಗಾಗಿ ಹೊರಗಿನಿಂದ ಲಾರಿಗಟ್ಟಲೆ ಸಾಮಾನು ಬಂತು. ಫೋಟೋದಲ್ಲಿ ಇದ್ದದ್ದು ಹಳಬರ ಕಾಫಿ ಗೋಡೌನು. ಒಳಗೆ ಮಾಡಿನವರೆಗೂ ಅಕ್ಕಿ ಮೂಟೆ. ಮುಂದೆ ಅವರ ಜೀಪು.

‘ಇದು ಸಾಕು’ ಅಂದ ಒಬ್ಬ.

ಊರಲ್ಲಿ ಹಳೇ ಗುಸುಗುಸು ಇತ್ತು, ನೆರೆಯ ಅಕ್ಕಿ ಎಲ್ಲ ಹಂಚಲಿಲ್ಲ ಅಂತ. ಅದಕ್ಕೆ ಬೇರೂ ಇತ್ತು. ಕೊನೆಗೆ ಉಳಿದ ಒಂದಷ್ಟು ಮೂಟೆಗೆ ಹುಳು ಬಿದ್ದು ದನಕ್ಕೆ ಹಾಕಿದ್ದರು. ದನ ಯಾರದ್ದು ಅಂದರೆ, ಹಳಬರದ್ದೇ. ಇಷ್ಟು ಸಾಕಲ್ವಾ ಒಂದು ಕಥೆ ಹುಟ್ಟಲು.

ಹುಡುಗ ಸ್ವಲ್ಪ ಹಿಂದೆಮುಂದೆ ನೋಡಿದ. ‘ಪಕ್ಕಾ ಗೊತ್ತಾ?’ ಅಂತ ಕೇಳಿದ್ದು ಅವನೇ. ‘ನಾವು ಹೇಳೋದಿಲ್ಲ, ಕೇಳೋದು ಮಾತ್ರ. ಪ್ರಶ್ನೆ ಚಿಹ್ನೆ ಹಾಕೋಣ’ ಅಂತ ಉತ್ತರ ಬಂತು. ಆ ಉತ್ತರ ಕೊಟ್ಟವನು ನಾನು. ‘ನೆರೆಯ ಅಕ್ಕಿ ಯಾರ ಮನೆಗೆ?’ ಅಂತ ದೊಡ್ಡ ಕೆಂಪು ಅಕ್ಷರ ಕೂರಿಸಿದ್ದೂ ನಾನೇ. ಪ್ರಶ್ನೆ ಚಿಹ್ನೆಯನ್ನು ಅಕ್ಷರಕ್ಕಿಂತ ದೊಡ್ಡದು ಮಾಡಿದೆ. ಹಾಗೆ ಮಾಡಿದರೆ ಆರೋಪ ಅಲ್ಲ ಅಂತ ನಮ್ಮ ಲೆಕ್ಕ.

ಪೋಸ್ಟರಿನ ಕೆಳಗೆ ಹುಡುಗನ ಫೋಟೋ, ಪಕ್ಕದಲ್ಲಿ ಅಕ್ಕನ ಫೋಟೋ. ಅದು ನಮ್ಮ ಎಲ್ಲ ಡಿಸೈನಿಗೂ ಇರುವ ಪಟ್ಟಿ, ಕಾಪಿ ಮಾಡಿ ಅಂಟಿಸಿದ್ದು. ಅಕ್ಕನಿಗೆ ಒಂದು ಮಾತು ಹೇಳಬೇಕು ಅಂತ ಆ ಆರು ಜನರಲ್ಲಿ ಯಾರಿಗೂ ತೋಚಲಿಲ್ಲ. ರಾತ್ರಿ ಹತ್ತಾಗಿತ್ತು, ಅವರು ಮಲಗಿರುತ್ತಾರೆ ಅಂದುಕೊಂಡೆವು.

ಇದನ್ನು ಮುದ್ರಿಸಲಿಲ್ಲ. ವಾಟ್ಸಾಪ್‌ಗೆ ಮಾತ್ರ. ಕಾರಣ ಕೇಳಿದರೆ ಪೇಪರ್ ಖರ್ಚು ಅನ್ನುತ್ತಿದ್ದೆ. ನಿಜವಾದ ಕಾರಣ, ಇದರ ಕೆಳಗೆ ಅಂಗಡಿಯ ಹೆಸರು ಹಾಕಲು ನನಗೆ ಮನಸ್ಸಿರಲಿಲ್ಲ. ಅಷ್ಟು ಗೊತ್ತಿದ್ದ ಮೇಲೆ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ತೂಕದ ಹೊತ್ತು

2020ರ ಏಪ್ರಿಲ್‌ನಲ್ಲೇ ವಾಟ್ಸಾಪ್ ಒಂದು ನಿರ್ಬಂಧ ತಂದಿತ್ತು. ತುಂಬಾ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದು. ದೊಡ್ಡ ಊರಿಗೆ ಅದು ಸರಿ. ನಮ್ಮ ವಾರ್ಡಿನಲ್ಲಿ ಇದ್ದದ್ದೇ ಎರಡು ಗ್ರೂಪು, ಎಲ್ಲರೂ ಎರಡರಲ್ಲೂ ಇದ್ದರು. ಫಾರ್ವರ್ಡ್ ಮಾಡುವ ಕೆಲಸವೇ ಇರಲಿಲ್ಲ.

ತಗ್ಗಿನ ಲೈನ್ ಮನೆಗಳಲ್ಲಿ ರೇಂಜ್ ಸಿಗುವುದಿಲ್ಲ. ಹಾಗಾಗಿ ಅಲ್ಲಿಯವರು ಪೋಸ್ಟರ್ ನೋಡಿದ್ದು ಮರುದಿನ ಸಂಜೆ, ತೋಟದ ಮೇಲಿನ ಕಣಕ್ಕೆ ಬಂದ ಮೇಲೆ. ನಾವೂ ಪ್ರಚಾರಕ್ಕೆ ಆ ಹೊತ್ತಿಗೇ ಹೋಗಿದ್ದೆವು. ಬೇರೆ ಒಬ್ಬರ ತೋಟ, ತೂಕ ನಡೆಯುತ್ತಿತ್ತು. ರೈಟರ್ ಟಾರ್ಚ್ ಹಿಡಿದು ಪುಸ್ತಕದಲ್ಲಿ ಕೆಜಿ ಬರೆದುಕೊಳ್ಳುತ್ತಿದ್ದ. ಹೆಂಗಸರು ಚೀಲ ಇಳಿಸಿ ಸಾಲಾಗಿ ನಿಂತಿದ್ದರು. ತೋಳಿನ ಮೇಲೆ ಹಳೇ ಶರ್ಟು, ಬೆರಳೆಲ್ಲ ಕಾಫಿ ಹಣ್ಣಿನ ಅಂಟಿಗೆ ಕಪ್ಪು. ಒಬ್ಬಳು ಕುತ್ತಿಗೆಗೆ ಹತ್ತಿದ್ದ ಇರುವೆ ತೆಗೆದು ಎಸೆಯುತ್ತಿದ್ದಳು.

ಐವತ್ತರ ಆಸುಪಾಸಿನ ಒಬ್ಬಾಕೆಗೆ ಸೊಸೆ ಮೊಬೈಲ್ ಹಿಡಿದು ತೋರಿಸಿದಳು. ಆಕೆಗೆ ಓದಲು ಬರುವುದಿಲ್ಲ. ಸೊಸೆ ಓದಿ ಹೇಳಿದಳು. ಆಕೆ ಮೊಬೈಲನ್ನು ಮುಖದ ಹತ್ತಿರ ತಂದು ಫೋಟೋ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಬೆರಳಿನಿಂದ ಮೂಟೆಯ ಸಾಲಿನ ಬಲಗಡೆ ಮೂಲೆ ತೋರಿಸಿದಳು. ಗಾಜಿನ ಮೇಲೆ ಕಪ್ಪು ಅಂಟು ಹತ್ತಿತು.

‘ನಾನು ಮಲಗಿದ್ದು ಇಲ್ಲಿ’ ಅಂದಳು. ‘ಹನ್ನೊಂದು ರಾತ್ರಿ. ಈ ಮೂಟೆಗೇ ಒರಗಿಕೊಂಡು. ಮೊಮ್ಮಗಂಗೆ ಜ್ವರ.’

ನಂತರ ಹುಡುಗನ ಕಡೆ ತಿರುಗಿ ಕೇಳಿದಳು. ದನಿ ಏರಿಸಲಿಲ್ಲ. ‘ನೀನು ಆವಾಗ ಎಲ್ಲಿದ್ದೆ?’

ಹುಡುಗ ಆಗ ಬೆಂಗಳೂರಿನಲ್ಲಿದ್ದ. ಅದು ಅವಳಿಗೂ ಗೊತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತು.

ವಿಷಯ ಏನಂದರೆ, ಶಾಲೆಯ ಪರಿಹಾರ ಕೇಂದ್ರ ತುಂಬಿ ಹೋದಾಗ ಹಳಬರು ತಮ್ಮ ಗೋಡೌನು ತೆರೆದುಕೊಟ್ಟಿದ್ದರು. ಆಗಸ್ಟಿನಲ್ಲಿ ಬೆಳೆಗಾರರ ಗೋಡೌನು ಹೆಚ್ಚುಕಮ್ಮಿ ಖಾಲಿಯೇ ಇರುತ್ತದೆ. ಅಧಿಕಾರಿಗಳೇ ಅಕ್ಕಿಯನ್ನು ಅಲ್ಲಿ ಇಳಿಸಿದ್ದು. ಮೂಟೆಗಳ ಪಕ್ಕದಲ್ಲೇ ನಾಲ್ಕಾರು ಕುಟುಂಬ ಮಲಗಿದ್ದವು. ಫೋಟೋದಲ್ಲಿ ಚೌಕಟ್ಟಿನ ಆಚೆ ಉಳಿದದ್ದು ಆ ಜನ.

ಇನ್ನೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಆ ಹೆಂಗಸು ಹಳಬರ ಓಟಲ್ಲ. ರಸ್ತೆಯ ಗುಂಡಿಯಲ್ಲಿ ಅವಳ ಗಂಡ ಬೈಕ್ ಸಮೇತ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ. ಕರಪತ್ರ ಬಂದ ದಿನ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಳು. ನಾವು ಕಳೆದುಕೊಂಡದ್ದು ನಮ್ಮ ಓಟನ್ನೇ.

ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಪೋಸ್ಟರ್ ಡಿಲೀಟ್ ಮಾಡಲು ನೋಡಿದೆವು. ಎಲ್ಲರ ಮೊಬೈಲಿನಿಂದ ಅಳಿಸುವ ಅವಕಾಶ ಆಗ ಒಂದು ಗಂಟೆ ಚಿಲ್ಲರೆ ಮಾತ್ರ, ಅದು ದಾಟಿ ಒಂದು ರಾತ್ರಿ, ಒಂದು ಹಗಲು ಕಳೆದಿತ್ತು. ಹಾಗಾದರೆ ತಪ್ಪಾಯಿತು ಅಂತ ಒಂದು ಸಾಲು ಹಾಕೋಣ ಅಂದೆ. ಹುಡುಗ ಒಪ್ಪಲಿಲ್ಲ. ‘ಈಗ ತಪ್ಪು ಒಪ್ಪಿದ್ರೆ ರಸ್ತೆ ವಿಷಯಾನೂ ಸುಳ್ಳು ಅಂತಾರೆ’ ಅಂದ. ಆ ಮಾತಿನಲ್ಲಿ ಹುರುಳಿತ್ತು. ಆದರೆ ಅದೇ ವಾರ ಹಳಬರು ತಪ್ಪು ಒಪ್ಪಿಕೊಂಡೇ ಎದ್ದು ನಿಂತಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಕಂಡದ್ದನ್ನು ಕಲಿಯಲಿಲ್ಲ.

ಅಕ್ಕನಿಗೆ ಗೊತ್ತಾದದ್ದು ಸಂಘದ ಸಭೆಯಲ್ಲಿ. ಯಾರೋ ಎದ್ದು ‘ನಿಮ್ಮ ಫೋಟೋನೂ ಇದೆಯಲ್ಲ ಇದ್ರಲ್ಲಿ’ ಅಂದರಂತೆ. ಅವರು ನನಗೆ ಫೋನ್ ಮಾಡಿ ಬೈಯಲಿಲ್ಲ. ‘ನನ್ನ ಫೋಟೋ ಹಾಕುವ ಮುಂಚೆ ಒಂದು ಮಾತು ಕೇಳ್ಬಹುದಿತ್ತು’ ಅಂದು ಇಟ್ಟರು.

ಹಳಬರು ಪೋಸ್ಟರಿಗೆ ಉತ್ತರವನ್ನೇ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ, ಲೈನ್ ಮನೆಯವರೇ ಕೊಡುತ್ತಿದ್ದರು.

ಎಣಿಕೆ

30ನೇ ತಾರೀಕು ನಾನೂ ಎಣಿಕೆ ಕೇಂದ್ರದ ಹೊರಗೆ ನಿಂತಿದ್ದೆ. ಸಾಮಾನ್ಯ ಸ್ಥಾನ ಸುಬೇದಾರ್ರಿಗೆ. ಹಳಬರು ಮೂವತ್ತು ಚಿಲ್ಲರೆ ಓಟಿನಲ್ಲಿ ಎರಡನೆಯವರು. ಹುಡುಗ ಮೂರನೇ ಸ್ಥಾನ.

ಮಹಿಳಾ ಸ್ಥಾನದಲ್ಲಿ ಅಕ್ಕ ಸೋತದ್ದು ಒಂಬತ್ತು ಓಟಿನಿಂದ. ಗೆದ್ದದ್ದು ಹಳಬರ ಜೋಡಿಯಾಗಿ ನಿಂತವರು. ಜೋಡಿಯ ವಿಷಯ ನೆನಪಿಡಿ ಅಂದಿದ್ದೆನಲ್ಲ. ಅಕ್ಕನಿಗೆ ಹುಡುಗನಿಗಿಂತ ನಲವತ್ತಕ್ಕೂ ಜಾಸ್ತಿ ಓಟು ಬಿದ್ದಿತ್ತು. ಅಷ್ಟು ಜನ ನಮ್ಮ ಜೋಡಿಯನ್ನು ಒಡೆದು ಅಕ್ಕನನ್ನು ಇಟ್ಟುಕೊಂಡು ಹುಡುಗನನ್ನು ಬಿಟ್ಟರು. ಆದರೆ ಒಡೆಯುವ ಗೋಜಿಗೆ ಹೋಗದೆ ಇಬ್ಬರನ್ನೂ ಬಿಟ್ಟವರು ಒಂಬತ್ತು ಜನರಿಗಿಂತ ಜಾಸ್ತಿ ಇದ್ದರು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ತಗ್ಗಿನ ಆ ಲೈನ್ ಮನೆಗಳಲ್ಲೇ ಮೂವತ್ತೈದು ಓಟಿದೆ. ದಾಳಿ ಮಾಡಿದವನಿಗೆ ಪೆಟ್ಟು ಬೀಳುವುದು ಬೇರೆ ಮಾತು. ದಾಳಿ ನಡೆದದ್ದೇ ಗೊತ್ತಿಲ್ಲದ ಹೆಂಗಸಿಗೆ ಪೆಟ್ಟು ಬಿತ್ತು.

ಸುಬೇದಾರ್ರು ಹೇಗೆ ಗೆದ್ದರು ಅಂತ ಆಮೇಲೆ ಕೇಳಿ ನೋಡಿದೆ. ರಸ್ತೆಯ ಕೋಪದಿಂದ ಹಳಬರನ್ನು ಬಿಟ್ಟವರು, ಅಕ್ಕಿಯ ಪೋಸ್ಟರಿನ ಕೋಪದಿಂದ ನಮ್ಮನ್ನು ಬಿಟ್ಟವರು, ಇಬ್ಬರಿಗೂ ಹೋಗಲು ಇನ್ನೊಂದು ಬಾಗಿಲು ಇತ್ತು. ಬಾಗಿಲ ಹಿಂದೆ ಆ ಕಾರ್ಡು ಸಿಕ್ಕಿಸಿಕೊಂಡಿದ್ದ ಮನೆಗಳನ್ನು ಈಗಲೂ ನೋಡುತ್ತೇನೆ. ಬಸ್ ಟೈಮಿಂಗ್ ಬದಲಾಗಿದೆ, ಕಾರ್ಡು ಹಾಗೇ ಇದೆ.

ಆಮೇಲೆ ಓದಿದ್ದು, ಯೋಚಿಸಿದ್ದು

ಸೋತ ಮೇಲೆ ಈ ವಿಷಯ ಓದತೊಡಗಿದೆ. ನಕಾರಾತ್ಮಕ ಪ್ರಚಾರ ಅಂದರೆ ಎಲ್ಲರೂ ಮೊದಲು ಹೇಳುವುದು 1964ರ ಅಮೆರಿಕದ ಕಥೆ. ಹೂವಿನ ಎಸಳು ಎಣಿಸುವ ಪುಟ್ಟ ಹುಡುಗಿ, ಮರುಕ್ಷಣ ಅಣುಬಾಂಬು. ಜಾಹೀರಾತಾಗಿ ಅದು ಟಿವಿಯಲ್ಲಿ ಬಂದದ್ದು ಒಂದೇ ಸಲ, ಸೆಪ್ಟೆಂಬರ್ 7ಕ್ಕೆ. ಅದನ್ನು ಹಾಕಿಸಿದ್ದ ಅಧ್ಯಕ್ಷ ಜಾನ್ಸನ್ ಭರ್ಜರಿಯಾಗಿ ಗೆದ್ದರು, ನಿಜ. ಆದರೆ ಅದಕ್ಕೂ ಮುಂಚೆಯೇ ಅವರು ಬಹಳ ಮುಂದಿದ್ದರು ಅನ್ನುವುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ನನಗೆ ಹತ್ತಿರ ಅನ್ನಿಸಿದ್ದು ಕೆನಡಾದ್ದು. 1993ರಲ್ಲಿ ಆಳುವ ಪಕ್ಷದವರು ಎದುರಾಳಿ ಕ್ರೆಟಿಯನ್ ಅವರ ಮುಖವನ್ನು ಹತ್ತಿರದಿಂದ ತೋರಿಸಿ, ಇದು ಪ್ರಧಾನಿಯ ಲಕ್ಷಣವಾ ಅನ್ನುವ ಹಾಗೆ ಜಾಹೀರಾತು ಬಿಟ್ಟರು. ಚಿಕ್ಕಂದಿನ ಕಾಯಿಲೆಯಿಂದ ಅವರ ಬಾಯಿ ಒಂದು ಕಡೆ ವಾಲಿತ್ತು. ಜನ ಎಷ್ಟು ಸಿಟ್ಟಾದರು ಅಂದರೆ ಜಾಹೀರಾತನ್ನು ಬೇಗನೇ ವಾಪಸ್ ತೆಗೆಯಬೇಕಾಯಿತು. ಆ ಪಕ್ಷಕ್ಕೆ ಕೊನೆಗೆ ಉಳಿದದ್ದು 2 ಸ್ಥಾನ. ಅವರು ಮೊದಲೇ ಸೋಲುತ್ತಿದ್ದರು, ಎಲ್ಲವನ್ನೂ ಜಾಹೀರಾತಿನ ತಲೆಗೆ ಕಟ್ಟಬಾರದು. ಆದರೆ ಅಲ್ಲೂ ಪ್ರಶ್ನೆ ಚಿಹ್ನೆ ಹಾಕಿಯೇ ಕೇಳಿದ್ದರು ಅನ್ನುವುದು ನನಗೆ ಚುಚ್ಚಿತು.

2007ರಲ್ಲಿ ಮೂವರು ಸಂಶೋಧಕರು ಈ ವಿಷಯದ 111 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೈದದ್ದು ಜಾಸ್ತಿ ನೆನಪಿರುತ್ತದೆ, ಆದರೆ ಅದರಿಂದ ಬೈದವನಿಗೆ ಓಟು ಹೆಚ್ಚುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಓದುವಾಗ ನಗು ಬಂತು. ಆ ರಸ್ತೆಯನ್ನು ಮತ್ತೆ ಮಾಡಿದ್ದಾರೆ, ಗುಂಡಿ ಈಗ ಯಾರಿಗೂ ನೆನಪಿಲ್ಲ. ಅಕ್ಕಿ ಪೋಸ್ಟರ್ ಮಾತ್ರ ಮೊನ್ನೆ ಮದುವೆಮನೆ ಊಟದ ಪಂಕ್ತಿಯಲ್ಲೂ ಮಾತಿಗೆ ಬಂತು.

ಹಾಗಂತ ದಾಳಿಯೇ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಆಳಿದವರ ತಪ್ಪು ತೋರಿಸದಿದ್ದರೆ ಚುನಾವಣೆ ಯಾಕೆ? ಚುನಾವಣಾ ನೀತಿ ಸಂಹಿತೆಯೂ ಅದನ್ನು ತಡೆಯುವುದಿಲ್ಲ. ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸದ ಮೇಲೆ ಇರಲಿ, ಸಾಬೀತಾಗದ ಆರೋಪ, ತಿರುಚಿದ ಮಾತು ಬೇಡ ಅನ್ನುತ್ತದೆ. ನಮ್ಮ ರಸ್ತೆಯ ಕರಪತ್ರ ಆ ಗೆರೆಯ ಈಚೆ, ಅಕ್ಕಿಯ ಪೋಸ್ಟರ್ ಆಚೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್‌ನವರ ‘ಪೇಸಿಎಂ’ ಪೋಸ್ಟರ್ ಬಂದಾಗ ನಾನು ಅದನ್ನು ವೃತ್ತಿಯವನ ಕಣ್ಣಿನಿಂದ ನೋಡಿದೆ. ಕ್ಯೂಆರ್ ಕೋಡಿನ ನಡುವೆ ಮುಖ್ಯಮಂತ್ರಿಯ ಮುಖ. ಜಾಣ ಡಿಸೈನು. ಆದರೆ ಅದರ ಬಲ ಡಿಸೈನಿನಲ್ಲಿ ಇರಲಿಲ್ಲ. ನಲವತ್ತು ಪರ್ಸೆಂಟ್ ಕಮಿಷನ್ ಅನ್ನುವ ದೂರನ್ನು ಗುತ್ತಿಗೆದಾರರ ಸಂಘ 2021ರಲ್ಲೇ ಪ್ರಧಾನಿಗೆ ಬರೆದಿತ್ತು, ಊರೂರಲ್ಲಿ ಆ ಮಾತು ಓಡಾಡುತ್ತಿತ್ತು. ಪೋಸ್ಟರ್ ಹೊಸ ಸುದ್ದಿ ತರಲಿಲ್ಲ, ಬಾಯಲ್ಲಿದ್ದ ಮಾತಿಗೆ ಚಿತ್ರ ಕೊಟ್ಟಿತು. 2023ರ ಮೇನಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ ಬಂತು, ಮಡಿಕೇರಿ, ವಿರಾಜಪೇಟೆ ಎರಡೂ ಕೈ ಬದಲಾದವು. ಆದರೆ ಕೊಡಗಿನ ಆ ಎರಡು ಕಡೆಯೂ ಅಂತರ ನಾಲ್ಕು ಸಾವಿರ ಚಿಲ್ಲರೆ ಮಾತ್ರ. ಆ ದಿನಗಳಲ್ಲಿ ನನ್ನ ಅಂಗಡಿಗೆ ಬಂದವರು ಮಾತಾಡಿದ್ದು ಆನೆ, ಆಸ್ಪತ್ರೆ, ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲು. ಕ್ಯೂಆರ್ ಕೋಡಿನ ಬಗ್ಗೆ ಮಾತಾಡಿದ್ದು ಹುಡುಗರು ಮಾತ್ರ.

ನಮ್ಮ ವಾರ್ಡಿಗೆ ಬಂದರೆ, ಗುಂಡಿಯನ್ನು ಜನ ದಿನಾ ದಾಟುತ್ತಿದ್ದರು. ಗೋಡೌನಿನಲ್ಲಿ ಜನ ಮಲಗಿದ್ದರು. ಎರಡು ದಾಳಿಗೂ ಇದ್ದ ವ್ಯತ್ಯಾಸ ಇಷ್ಟೇ. ಪೋಸ್ಟರ್ ಬಿಡುವ ಮುಂಚೆ ಆ ಲೈನ್ ಮನೆಗಳಿಗೆ ಒಬ್ಬ ಹೋಗಿ ‘2019ರಲ್ಲಿ ಏನಾಯ್ತು’ ಅಂತ ಕೇಳಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಂಗಡಿಯಿಂದ ಎರಡು ಕಿಲೋಮೀಟರ್ ದೂರ.

ರಸ್ತೆಯ ಕರಪತ್ರಕ್ಕೇ ನಿಲ್ಲಿಸಿದ್ದರೆ ಹುಡುಗ ಗೆಲ್ಲುತ್ತಿದ್ದನಾ ಅಂತ ಗೆಳೆಯರು ಕೇಳುತ್ತಾರೆ. ಇಲ್ಲ ಅನ್ನಿಸುತ್ತದೆ. ಹಳಬರನ್ನು ಬಿಟ್ಟವರಿಗೆ ನಾವು ಬೇರೆ ಏನನ್ನೂ ಕೊಟ್ಟಿರಲಿಲ್ಲ, ಬಸ್ ಟೈಮಿಂಗನ್ನೂ ಸಹ. ಆದರೆ ಅಕ್ಕ ಗೆಲ್ಲುತ್ತಿದ್ದರು.

ಅಕ್ಕ ಈಗಲೂ ಅಂಗಡಿಗೆ ಬರುತ್ತಾರೆ. ಸಂಘದ ರಸೀದಿ ಪುಸ್ತಕ, ವಾರ್ಷಿಕ ಸಭೆಯ ನೋಟಿಸು. ಪೋಸ್ಟರಿನ ಮಾತು ಎತ್ತುವುದಿಲ್ಲ. ಆದರೆ ಮೊದಲೆಲ್ಲ ‘ನೀವೇ ನೋಡಿ ಹಾಕಿ’ ಅಂದು ಹೋಗುತ್ತಿದ್ದವರು, ಈಗ ಪ್ರೂಫ್ ಬರುವವರೆಗೂ ಸ್ಟೂಲಿನ ಮೇಲೆ ಕೂತಿರುತ್ತಾರೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದುತ್ತಾರೆ.